ಎವರೆಸ್ಟಿನ ಬುಡಕ್ಕೆ ಹೋಗುವ ದಾರಿ ಬಂದ ಬಗೆ

ಕಳೆದ ಅಕ್ಟೋಬರಿನಲ್ಲಿ ನಮ್ಮ ಸಂಘದ ಐವರು ನೇಪಾಳಕ್ಕೆ ಹೋಗಿ, ಎವರೆಸ್ಟಿನ ತಳಶಿಬಿರದವರೆಗೆ ನಡೆದು, ಕೈಕಾಲು ನೆಟ್ಟಗಿಟ್ಟುಕೊಂಡು ಮರಳಿದ ಸುದ್ದಿ ಓದುಗ ಬಂಧುಗಳಿಗೆ ಗೊತ್ತೇ ಇದೆ. ದೀಪಾವಳಿ ಕೂಟದಲ್ಲಿ ಚಿತ್ರಗಳನ್ನು ತೋರಿಸಿದ್ದೂ ಆಯಿತು, ಮಕ್ಕಳು ಆಕಳಿಸಿದ್ದೂ ಆಯಿತು. ಸಂಪಾದಕರು ಈಗ ಪ್ರವಾಸಕಥನ ಬೇಕೆಂದು ಬೆನ್ನು ಹತ್ತಿದ್ದಾರೆ. ಬೆಳಿಗ್ಗೆ ಎದ್ದೆವು, ಗಂಜಿ ಕುಡಿದೆವು, ನಡೆದೆವು ಎಂದು ಹನ್ನೆರಡು ದಿನದ ಕಥೆಯನ್ನು ಬರೆದರೆ ಓದುವವರಾರು? ನಮ್ಮನ್ನು ಹೋಗುವ ಮೊದಲೂ ಬಂದ ಮೇಲೂ ಕಾಡಿದ್ದು ಬೇರೆ ಪ್ರಶ್ನೆ. ಹಣ ಕಟ್ಟಿದ ಯಾರನ್ನಾದರೂ 5,364 ಮೀಟರ್ ಎತ್ತರದವರೆಗೆ ನಡೆಸಿಕೊಂಡು ಹೋಗಿ ತರುವ ಈ ಏರ್ಪಾಡು ಎಂದು, ಯಾರಿಂದ, ಹೇಗೆ ಬಂತು? ವೃತ್ತಿಯಿಂದ ನಾವು ರಸಾಯನಶಾಸ್ತ್ರದವರಾದ್ದರಿಂದ ಕಥೆಯಲ್ಲಿ ನಮ್ಮ ಕಸುಬಿನವರು ಎದುರಾದ ಕಡೆ ಸ್ವಲ್ಪ ಹೆಚ್ಚು ಹೊತ್ತು ನಿಂತೇವು. ಓದುಗರು ಕ್ಷಮಿಸಬೇಕು.

ನಮ್ಮ ಅಜ್ಜಂದಿರ ಬಾಯಲ್ಲಿ ಈ ಶಿಖರದ ಹೆಸರು ಗೌರೀಶಂಕರ. ಅದು ತಪ್ಪು, ಆದರೆ ಅವರ ತಪ್ಪಲ್ಲ. ಸರ್ವೇ ಇಲಾಖೆಯಲ್ಲಿ ಬರೀ 'ಹದಿನೈದನೆಯ ಶಿಖರ' ಎಂಬ ಅಂಕಿಯಾಗಿದ್ದ ಇದರ ಎತ್ತರವನ್ನು ಬಂಗಾಳದ ರಾಧಾನಾಥ ಸಿಕ್ದಾರರ ಲೆಕ್ಕಾಚಾರದ ಆಧಾರದ ಮೇಲೆ 1856ರಲ್ಲಿ 29,002 ಅಡಿ ಎಂದು ಪ್ರಕಟಿಸಿದರು. ಅದೇ ಸುಮಾರಿಗೆ ಜರ್ಮನಿಯ ಶ್ಲಾಗಿಂಟ್‌ವೈಟ್ ಎಂಬ ಪ್ರವಾಸಿ, ದೂರದಿಂದ ನೋಡಿ, ನೇಪಾಳಿಗಳು ಗೌರೀಶಂಕರವೆನ್ನುವುದು ಇದನ್ನೇ ಎಂದು ಬರೆದುಬಿಟ್ಟ. ಎರಡೂ ಬೇರೆಬೇರೆ, ನಡುವೆ ಮೂವತ್ತಾರು ಮೈಲಿ ಅಂತರವಿದೆ ಎಂಬುದು ಖಚಿತವಾದದ್ದು 1903ರಲ್ಲಿ ಕ್ಯಾಪ್ಟನ್ ವುಡ್ ನೇಪಾಳದೊಳಗೆ ಹೋಗಿ ನೋಡಿದ ಮೇಲೆ. ಅಷ್ಟರಲ್ಲಿ ಹೆಸರು ನಮ್ಮೂರಿನವರೆಗೂ ಬಂದು ಕೂತಾಗಿತ್ತು. ಇನ್ನೊಂದು ಮಾತು. ಈ ಅಳತೆಯ ಸರಪಳಿ ಹೊರಟದ್ದು 1802ರಲ್ಲಿ, ಮದರಾಸಿನ ಪರಂಗಿಮಲೆಯ ಬಳಿ. ಲ್ಯಾಂಬ್ಟನ್ನನ ತ್ರಿಕೋನಗಳು ಮೈಸೂರು ಸೀಮೆಯನ್ನು ದಾಟಿಕೊಂಡೇ ಮಂಗಳೂರಿನ ಕಡಲನ್ನು ಮುಟ್ಟಿದವು. ಎವರೆಸ್ಟಿನ ಎತ್ತರದಲ್ಲಿ ನಮ್ಮ ಬೆಟ್ಟಗುಡ್ಡಗಳಿಗೂ ಒಂದು ಪಾಲಿದೆ ಎಂದರೆ ಅತಿಶಯೋಕ್ತಿಯಲ್ಲ.

1949ರ ತನಕ ನೇಪಾಳ ಪರದೇಶಿಗಳಿಗೆ ಹೆಚ್ಚುಕಡಮೆ ಮುಚ್ಚಿದ ಮನೆ. ಆದಕಾರಣ ಆಂಗ್ಲರು ಡಾರ್ಜಿಲಿಂಗಿನಿಂದ ಟಿಬೆಟ್ಟಿಗೆ ಸುತ್ತಿ ಬಂದು ಉತ್ತರದ ಕಡೆಯಿಂದ ಹತ್ತಲು ನೋಡಿದರು. 1921ರ ಮೊದಲ ತಂಡದಲ್ಲಿ ಅಲೆಕ್ಸಾಂಡರ್ ಕೆಲ್ಲಾಸ್ ಎಂಬ ಐವತ್ತೆರಡು ವಯಸ್ಸಿನ ರಸಾಯನಶಾಸ್ತ್ರಿಯಿದ್ದ. ಆರ್ಗಾನ್ ಖ್ಯಾತಿಯ ರ್‍ಯಾಮ್ಸೆಯ ಪ್ರಯೋಗಾಲಯದಲ್ಲಿ ಪಳಗಿದವನು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ರಸಾಯನ ಪಾಠ ಹೇಳುತ್ತ, ರಜೆ ಬಂದರೆ ಸಿಕ್ಕಿಮಿಗೆ ಓಡುತ್ತಿದ್ದವನು. ಗದ್ದಲವಿಲ್ಲದೆ, ಬಿಳಿಯ ಜೊತೆಗಾರರಿಲ್ಲದೆ, ಶೆರ್ಪಾ ಮತ್ತು ಭೋಟಿಯಾ ಜನರನ್ನು ಕಟ್ಟಿಕೊಂಡು ಏಳು ಸಾವಿರ ಮೀಟರಿನ ಆಸುಪಾಸಿನ ಶಿಖರಗಳನ್ನು ಹತ್ತಿದ್ದ. ಎತ್ತರದಲ್ಲಿ ಶೆರ್ಪಾಗಳ ಸಮಕ್ಕೆ ನಿಲ್ಲುವವರಿಲ್ಲ ಎಂದು ಮೊದಲು ಕಂಡು ಹೇಳಿದವರಲ್ಲಿ ಅವನೊಬ್ಬ. ವಾಯುಭಾರ, ರಕ್ತದ ಆಮ್ಲಜನಕ, ಏರುವ ವೇಗ ಇವನ್ನೆಲ್ಲ ಲೆಕ್ಕ ಹಾಕಿ, ಬಲಿಷ್ಠನಾದ ಮನುಷ್ಯ ಆಮ್ಲಜನಕದ ಸಿಲಿಂಡರಿಲ್ಲದೆಯೂ ಎವರೆಸ್ಟ್ ಹತ್ತಬಹುದು ಎಂದು 1920ರಲ್ಲೇ ಬರೆದಿದ್ದ. ಮೆಸ್ನರ್ ಮತ್ತು ಹೇಬೆಲರ್ ಅದನ್ನು ಮಾಡಿ ತೋರಿಸಿದ್ದು 1978ರಲ್ಲಿ. ಪಾಪ, ಕೆಲ್ಲಾಸ್ ಮಾತ್ರ ಶಿಖರದ ಹತ್ತಿರಕ್ಕೂ ಹೋಗಲಿಲ್ಲ. ಭೇದಿಯಿಂದ ನಿತ್ರಾಣನಾಗಿ, ಟಿಬೆಟ್ಟಿನ ಕಂಪಾ ಜೋಂಗಿನ ದಾರಿಯಲ್ಲಿ 1921ರ ಜೂನ್ 5ರಂದು ತೀರಿಕೊಂಡ.

ಮರುವರ್ಷ ಬಂದವನೂ ನಮ್ಮ ಕಸುಬಿನವನೇ. ಜಾರ್ಜ್ ಫಿಂಚ್, ಜೂರಿಕ್‌ನಲ್ಲಿ ಓದಿದವನು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಧ್ಯಾಪಕ. ಹೆಗಲಿಗೆ ಮೂವತ್ತೆರಡು ಪೌಂಡ್ ತೂಗುವ ಆಮ್ಲಜನಕದ ಸಲಕರಣೆ ಏರಿಸಿಕೊಂಡು, ಪರ್ವತಾರೋಹಣವೇ ಗೊತ್ತಿಲ್ಲದ ಜೆಫ್ರಿ ಬ್ರೂಸನನ್ನು ಜೊತೆಗಿಟ್ಟುಕೊಂಡು 27,300 ಅಡಿಯವರೆಗೆ ಹೋದ. ಅಲ್ಲಿಯವರೆಗೆ ಯಾರೂ ಅಷ್ಟು ಎತ್ತರ ಕಂಡಿರಲಿಲ್ಲ. ಬಿರುಗಾಳಿಯಲ್ಲಿ ಡೇರೆಯೊಳಗೆ ನಡುಗುತ್ತ ಕೂತಾಗ ಕೊಳವೆಯಿಂದ ಸ್ವಲ್ಪ ಸ್ವಲ್ಪ ಆಮ್ಲಜನಕ ಎಳೆದುಕೊಂಡರೆ ಮೈ ಬಿಸಿಯಾಗಿ ನಿದ್ದೆ ಬರುತ್ತದೆಂಬುದನ್ನು ಕಂಡುಕೊಂಡವನೂ ಅವನೇ. ಸಮಿತಿಯ ದೊಡ್ಡವರಿಗೆ ಇದು ರುಚಿಸಲಿಲ್ಲ. ಸಿಲಿಂಡರ್ ಹೊತ್ತು ಹತ್ತುವುದು ಗೌರವಸ್ಥರ ಆಟವಲ್ಲ ಎಂಬ ಭಾವನೆ ಕೆಲವರಿಗಿತ್ತು. 1924ರ ತಂಡದಲ್ಲಿ ಫಿಂಚನಿಗೆ ಜಾಗವಾಗಲಿಲ್ಲ. ಈ ಮಹಾನುಭಾವ ಮುಂದೆ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ನಿರ್ದೇಶಕನಾಗಿದ್ದ! 1953ರಲ್ಲಿ ಹಿಲರಿ, ತೇನ್‌ಸಿಂಗ್ ಆಮ್ಲಜನಕದ ನೆರವಿನಿಂದ ತುದಿ ಮುಟ್ಟಿದ ಸುದ್ದಿ ಅವನ ಕಿವಿಗೆ ಬಿದ್ದದ್ದು ಆ ಹುದ್ದೆಯಲ್ಲಿದ್ದಾಗ. ಏನನ್ನಿಸಿತೋ.

1922ರ ಕಥೆಗೆ ಇನ್ನೊಂದು ಮುಖವಿದೆ. ಜೂನ್ 7ರಂದು ಮ್ಯಾಲೊರಿಯ ತಂಡ ಹೊಸ ಹಿಮದ ಇಳಿಜಾರಿನಲ್ಲಿ ಇನ್ನೊಮ್ಮೆ ಏರಲು ಹೊರಟಾಗ ಹಿಮ ಕುಸಿದು, ಹಿಂದೆ ಹೊರೆ ಹೊತ್ತು ಬರುತ್ತಿದ್ದ ಏಳು ಜನ ಸತ್ತರು. ಏಳೂ ಜನ ಹೊರೆಯಾಳುಗಳು. ಆಂಗ್ಲರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ಆ ದಿನ ಅಲ್ಲಿದ್ದ ಡಾಕ್ಟರ್ ಸೋಮರ್‌ವೆಲ್, ನಮ್ಮಲ್ಲೊಬ್ಬನಾದರೂ ಅವರ ಜೊತೆ ಹೋಗಿದ್ದರೆ ಅವರ ಮನೆಯವರಿಗೆ ಮುಖ ತೋರಿಸಬಹುದಿತ್ತು ಎಂಬರ್ಥದ ಮಾತನ್ನು ಮುಂದೆ ಬರೆದುಕೊಂಡ. ಲಂಡನ್ನಿನ ದೊಡ್ಡ ಆಸ್ಪತ್ರೆಯ ಹುದ್ದೆ ಬಿಟ್ಟು ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆ ಸೇರಿ, ತನ್ನ ವೃತ್ತಿಯ ಬಹುಭಾಗವನ್ನು ಅಲ್ಲೇ ಕಳೆದ. ಈ ಏಳು ಜನರನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ನಾವು ನಡೆದ ದಕ್ಷಿಣದ ದಾರಿಗೆ ಬರೋಣ. 1950ರ ನವೆಂಬರಿನಲ್ಲಿ ಐದು ಜನ, ಅಮೆರಿಕದ ಆಸ್ಕರ್ ಹ್ಯೂಸ್ಟನ್, ಅವನ ಮಗ ಡಾಕ್ಟರ್ ಚಾರ್ಲ್ಸ್, ಬೆಟ್ಸಿ ಕೌಲ್ಸ್ ಎಂಬ ಮಹಿಳೆ, ಆಂಡರ್ಸನ್ ಬೇಕ್‌ವೆಲ್ ಮತ್ತು ದಾರಿಯಲ್ಲಿ ಕೂಡಿಕೊಂಡ ಆಂಗ್ಲ ಟಿಲ್ಮನ್, ನೇಪಾಳದ ತೆರಾಯಿಯಿಂದ ನಡೆದು ಖುಂಬು ಕಣಿವೆಗೆ ಬಂದು ತೆಂಗ್‌ಬೋಚೆ ಮಠ ನೋಡಿದರು. ಶಿಖರ ಹತ್ತುವ ಉದ್ದೇಶ ಇವರಿಗಿರಲಿಲ್ಲ. ನೋಡಬೇಕು, ನಡೆಯಬೇಕು ಅಷ್ಟೆ. ಇಂದಿನ ತಳಶಿಬಿರದ ಚಾರಣಕ್ಕೆ ಇವರೇ ಮೂಲಪುರುಷರು (ಮತ್ತು ಮೂಲಸ್ತ್ರೀ) ಎನ್ನಬಹುದು. ಹಿಮಪಾತವನ್ನು ದೂರದಿಂದ ನೋಡಿ, ಈ ಕಡೆಯಿಂದ ಶಿಖರಕ್ಕೆ ಹಾದಿ ಕಷ್ಟ ಎಂದು ತೀರ್ಮಾನಿಸಿ ಮರಳಿದರು. ಮೂರು ವರ್ಷದೊಳಗೆ ಆ ಹಾದಿಯಲ್ಲೇ ಹಿಲರಿ, ತೇನ್‌ಸಿಂಗ್ ಹತ್ತಿದರು!

1953ರ ದಂಡಯಾತ್ರೆ ಕಾಠ್ಮಂಡುವಿನ ಪಕ್ಕದ ಭಕ್ತಪುರದಿಂದ ಹೊರಟು ತೆಂಗ್‌ಬೋಚೆ ಮುಟ್ಟಲು ಎರಡು ವಾರ ಮೀರಿ ಹಿಡಿಯಿತು. ನೂರಾರು ಹೊರೆಯಾಳುಗಳು, ಬೆಟ್ಟ ಇಳಿದು ಹೊಳೆ, ಹೊಳೆ ದಾಟಿ ಮತ್ತೆ ಬೆಟ್ಟ. ತಂಡದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಸಲಹೆಯಂತೆ ಅಲ್ಲಿಂದ ಮುಂದೆ ಮೂರು ವಾರ ಸುತ್ತಮುತ್ತಲ ಗುಡ್ಡ ಹತ್ತಿ ಇಳಿದು ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಂಡರು. ಹಿಂದಿನಿಂದ ಆಮ್ಲಜನಕದ ಸಿಲಿಂಡರುಗಳ ಹೊರೆಯನ್ನು ನಡೆಸಿಕೊಂಡು ಬರುವ ಕೆಲಸ ಬಿದ್ದದ್ದು ಗೂರ್ಖಾ ಪಡೆಯ ಮೇಜರ್ ಜಿಮ್ಮಿ ರಾಬರ್ಟ್ಸ್ ಎಂಬವನಿಗೆ. ತಲುಪಿಸಿ, ತನ್ನ ಪಾಡಿಗೆ ಬೇರೆ ಬೆಟ್ಟ ನೋಡಲು ಹೋದ.

ನಮ್ಮ ಕಥೆಯ ನಿಜವಾದ ನಾಯಕ ಈ ರಾಬರ್ಟ್ಸ್. ಸೈನ್ಯದಿಂದ ನಿವೃತ್ತನಾದ ಮೇಲೆ ಅವನಿಗೊಂದು ಯೋಚನೆ ಹೊಳೆಯಿತು. ದಂಡಯಾತ್ರೆಯಲ್ಲಿ ಸುಖವಾದ ಭಾಗವೆಂದರೆ ಶಿಖರದವರೆಗಿನ ನಡಿಗೆ. ಡೇರೆ ಹಾಕುವವರು ಶೆರ್ಪಾಗಳು, ಅಡಿಗೆ ಅವರದು, ಬೆಳಿಗ್ಗೆ ಡೇರೆಯ ಬಾಗಿಲಿಗೇ ಬಿಸಿ ಚಹಾ. ಶಿಖರವನ್ನು ಬಿಟ್ಟು ಈ ಸುಖವನ್ನಷ್ಟೇ ಮಾರಿದರೆ? 1964ರಲ್ಲಿ ಕಾಠ್ಮಂಡುವಿನಲ್ಲಿ ಮೌಂಟನ್ ಟ್ರಾವೆಲ್ ಎಂಬ ಸಂಸ್ಥೆ ತೆರೆದ. 1965ರಲ್ಲಿ ಬಂದ ಮೊದಲ ಗಿರಾಕಿಗಳು ಅಮೆರಿಕದ ಮೂವರು ಮಹಿಳೆಯರು. ಅವರನ್ನು ಕರೆದೊಯ್ದದ್ದು ಎವರೆಸ್ಟಿನ ದಿಕ್ಕಿಗೇ. ಎತ್ತಿನ ಗಾಡಿ ಕಟ್ಟಿಕೊಂಡು ವಲಸೆ ಹೋಗುತ್ತಿದ್ದ ದಕ್ಷಿಣ ಆಫ್ರಿಕದ ಬೋಯರರ 'ಟ್ರೆಕ್' ಎಂಬ ಪದ ಹಿಮಾಲಯದ ಪಾಲಾದದ್ದು ಹೀಗೆ. ಸರದಾರ, ಅಡಿಗೆಯವನು, ಹೊರೆಯಾಳುಗಳು, ಗೊತ್ತಾದ ತಂಗುದಾಣಗಳು ಎಂಬ ಚೌಕಟ್ಟು ಇಂದಿಗೂ ಬಹುಪಾಲು ಅವನು ಹಾಕಿಕೊಟ್ಟದ್ದೇ. ಡೇರೆಗಳ ಜಾಗದಲ್ಲಿ ಮಾತ್ರ ಈಗ ಲಾಡ್ಜುಗಳು ಬಂದಿವೆ.

ಅದೇ 1964ರಲ್ಲಿ ಇನ್ನೊಂದು ಘಟನೆ. ಖುಂಡೆಯಲ್ಲಿ ಆಸ್ಪತ್ರೆ ಕಟ್ಟಿಸುವ ಸಾಮಾನು ತರಲು ಹಿಲರಿ ಲುಕ್ಲಾದಲ್ಲಿ ಒಂದು ವಿಮಾನಪಟ್ಟಿ ಮಾಡಿಸಿದ. ಮಣ್ಣು ಗಟ್ಟಿಯಾಗಲೆಂದು ಶೆರ್ಪಾಗಳಿಗೆ ಛಂಗ್ ಕುಡಿಸಿ, ಸಾಲಾಗಿ ಕೈಹಿಡಿದು ನೆಲದ ಮೇಲೆ ಕುಣಿಸಿದನಂತೆ. ರೋಡ್ ರೋಲರ್ ಅಲ್ಲೆಲ್ಲಿಂದ ಬರಬೇಕು! ಈಗ ಟಾರು ಹಾಕಿದ, ಅರ್ಧ ಕಿಲೋಮೀಟರು ಚಿಲ್ಲರೆ ಉದ್ದದ, ಮೇಲ್ಮುಖವಾಗಿ ಇಳಿಜಾರಿರುವ ಆ ಪಟ್ಟಿಯಲ್ಲಿ ನಮ್ಮ ವಿಮಾನ ಇಳಿದಾಗ ನಮ್ಮಲ್ಲಿ ನಾಸ್ತಿಕರು ಯಾರೂ ಉಳಿದಿರಲಿಲ್ಲ.

ಆಸ್ಪತ್ರೆಗೆಂದು ಮಾಡಿದ ಪಟ್ಟಿಯೇ ಆಸ್ಪತ್ರೆಗೆ ರೋಗಿಗಳನ್ನೂ ತಂದಿತು. 2,860 ಮೀಟರ್ ಎತ್ತರಕ್ಕೆ ಬೆಳಿಗ್ಗೆ ಹಾರಿ ಬಂದವರು, ಎರಡು ವಾರ ನಡೆದು ಬಂದವರ ಹಾಗೆ ಮೈ ಪಳಗಿಸಿಕೊಂಡಿರುವುದಿಲ್ಲ. ಆಮ್ಲಜನಕದ ಪ್ರಮಾಣ ಎಲ್ಲಿಯೂ ಶೇಕಡಾ 21ರಷ್ಟೇ. ಕಡಮೆಯಾಗುವುದು ಅದರ ಒತ್ತಡ. ತಳಶಿಬಿರದಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಮೇಲು, ಅಷ್ಟೆ. ನೀರು ಸುಮಾರು 82 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಮೈ ಮೊದಲು ಏದುಸಿರು ಬಿಟ್ಟು ಸರಿದೂಗಿಸಲು ನೋಡುತ್ತದೆ. ಹಾಗೆ ಉಸಿರು ಹೆಚ್ಚಿದಾಗ ರಕ್ತದಿಂದ ಇಂಗಾಲದ ಡೈ ಆಕ್ಸೈಡು ಹೊರಬಿದ್ದು ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮಿದುಳು, ಇನ್ನು ಉಸಿರಾಡಿದ್ದು ಸಾಕು ಎಂದು ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ನಿಧಾನವಾಗಿ ಬೈಕಾರ್ಬನೇಟನ್ನು ಹೊರಹಾಕಿ ಈ ಜಗಳ ಬಗೆಹರಿಸಲು ಕೆಲವು ದಿನ ಬೇಕು. ಆ ದಿನಗಳನ್ನು ಕೊಡದೆ ಮೇಲೇರಿದವರಿಗೆ ತಲೆನೋವು, ವಾಂತಿ. ಕೆಲವರಿಗೆ ಶ್ವಾಸಕೋಶದಲ್ಲಿ ಇಲ್ಲವೇ ಮಿದುಳಿನಲ್ಲಿ ನೀರು ಸೇರಿ ಸಾವು.

ಶ್ವಾಸಕೋಶದಲ್ಲಿ ನೀರು ಸೇರುವ ಈ ಕಾಯಿಲೆಯನ್ನು ವೈದ್ಯರು ಬಹುಕಾಲ ನ್ಯುಮೋನಿಯ ಎಂದೇ ತಿಳಿದಿದ್ದರು. ಚಿಲಿ ದೇಶದ ಗಣಿಗಳಲ್ಲಿ ವೈದ್ಯನಾಗಿದ್ದ ರೇವನ್‌ಹಿಲ್ ಎಂಬವನು 1913ರಲ್ಲೇ ಇದರ ಬಗೆಗಳನ್ನು ಬಿಡಿಸಿ ಬರೆದಿದ್ದ. ಇಂಗ್ಲಿಷ್ ಓದುವ ಪ್ರಪಂಚ ಗಮನಿಸಲಿಲ್ಲ. 1960ರಲ್ಲಿ ಮತ್ತೆ ಅದನ್ನು ಎಲ್ಲರ ಗಮನಕ್ಕೆ ತಂದ ಅಮೆರಿಕದ ವೈದ್ಯ ಯಾರು ಬಲ್ಲಿರಾ? ಹತ್ತು ವರ್ಷದ ಹಿಂದೆ ತಂದೆಯ ಜೊತೆ ಖುಂಬುವಿಗೆ ನಡೆದಿದ್ದ ಚಾರ್ಲ್ಸ್ ಹ್ಯೂಸ್ಟನ್. ಎರಡೇ ವರ್ಷದಲ್ಲಿ, 1962ರ ಚೀನಾ ಯುದ್ಧ ಬಂತು. ಬಯಲಿನಿಂದ ಅವಸರದಲ್ಲಿ ಎತ್ತಿ ಲಡಾಖಿನ ಎತ್ತರಕ್ಕೆ ಸಾಗಿಸಿದ ನಮ್ಮ ಸೈನಿಕರು ಗುಂಡಿಲ್ಲದೆಯೂ ಬಿದ್ದರು. ಭಾರತೀಯ ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಲೇಖನವನ್ನು ಈ ವಿಷಯದಲ್ಲಿ ಕೆಲಸ ಮಾಡುವ ಯಾರೂ ಓದದೆ ಬಿಡುವಂತಿಲ್ಲ.

1973ರಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಹುಟ್ಟಿತು. ಫೆರಿಚೆಯಲ್ಲಿ ಅದರ ಔಷಧಾಲಯ ನಡೆಯತೊಡಗಿತು. ಅಲ್ಲಿ ಪೀಟರ್ ಹ್ಯಾಕೆಟ್ ಎಂಬ ತರುಣ ವೈದ್ಯ ಹಾದುಹೋಗುವ ಚಾರಣಿಗರನ್ನೇ ಹಿಡಿದು ಕೂರಿಸಿ ಪರೀಕ್ಷಿಸಿ, 278 ಜನರಲ್ಲಿ ಶೇಕಡಾ 53 ಮಂದಿಗೆ ಎತ್ತರದ ಕಾಯಿಲೆಯಿದೆ ಎಂದು 1976ರಲ್ಲಿ ತೋರಿಸಿದ. ಅಸೆಟಜೋಲಮೈಡ್ ಎಂಬ ಮಾತ್ರೆ, ಲುಕ್ಲಾಕ್ಕೆ ಹಾರಿ ಬಂದವರಿಗೆ ಉಪಯೋಗವಾಯಿತು, ಕೆಳಗಿನಿಂದ ನಡೆದು ಬಂದವರಿಗೆ ಅಷ್ಟೇನೂ ವ್ಯತ್ಯಾಸ ಮಾಡಲಿಲ್ಲ ಎಂಬುದು ಅದೇ ಲೇಖನದ ಸ್ವಾರಸ್ಯ. ಮಾತ್ರೆ ಮಾಡುವುದಿಷ್ಟೆ: ಮೂತ್ರಪಿಂಡ ನಿಧಾನವಾಗಿ ಮಾಡುವ ಕೆಲಸವನ್ನು ಬೇಗ ಮಾಡಿಸುತ್ತದೆ. ಸಲ್ಫಾ ಔಷಧಿಗಳ ಒಂದು ಅಡ್ಡಪರಿಣಾಮದ ಬೆನ್ನು ಹತ್ತಿ ಹೋದ ರಸಾಯನಜ್ಞರ ಶ್ರಮದ ಫಲ ಅದು. ಬೆರಳ ತುದಿಗಳು ಜುಮ್ಮೆನ್ನುತ್ತವೆ, ಸೋಡಾ ಕುಡಿದರೆ ಸಪ್ಪೆ ಎನಿಸುತ್ತದೆ. ನಾವೈವರೂ ನುಂಗಿದೆವು. ಯಾರು ಯಾವಾಗ ಎಷ್ಟು ನುಂಗಬೇಕೆಂದು ಕೋಷ್ಟಕ ಹಾಕಿ ಹಂಚಿದ್ದೂ ನಾವೇ.

ಆ ಕೋಷ್ಟಕದಲ್ಲಿ ಆರು ಹೆಸರುಗಳಿದ್ದವು. ಆರನೆಯವರು ನಮ್ಮಲ್ಲೊಬ್ಬರ ಮಾವನವರು, ಹಾಸನ ಕಡೆಯ ನಿವೃತ್ತ ಹಿಂದಿ ಮೇಷ್ಟ್ರು. ಊರಿಂದ ನೇರ ಕಾಠ್ಮಂಡುವಿಗೆ ಬಂದು ಕೂಡಿಕೊಂಡಿದ್ದರು. ಏಳನೆಯ, ಎಂಟನೆಯ, ಒಂಬತ್ತನೆಯ ಹೆಸರುಗಳು, ಅಂದರೆ ನಮ್ಮ ಸಾಮಾನು ಹೊತ್ತ ಮೂವರು ಹುಡುಗರದು, ಅದರಲ್ಲಿರಲಿಲ್ಲ.

ಹೊರೆಯಾಳೆಂದರೆ ಶೆರ್ಪಾ ಎಂಬ ಭ್ರಮೆ ನಮಗೂ ಇತ್ತು. ಶೆರ್ಪಾಗಳು ಐನೂರು ವರ್ಷದ ಹಿಂದೆ ಟಿಬೆಟ್ಟಿನ ಕಡೆಯಿಂದ ಬಂದವರು. ಟಿಬೆಟ್ಟಿನ ಜನರಲ್ಲಿ ಎತ್ತರಕ್ಕೆ ಒಗ್ಗುವ ವಂಶವಾಹಿಗಳಿವೆಯೆಂದು 2010ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ತಿಳಿದಿದೆ. ಆದರೆ ಈಗ ಬಹುಪಾಲು ಶೆರ್ಪಾಗಳು ಮಾರ್ಗದರ್ಶಿಗಳು, ಲಾಡ್ಜುಗಳ ಯಜಮಾನರು. ನಾಮ್ಲೊ ಪಟ್ಟಿಯನ್ನು ಹಣೆಗೆ ಕಟ್ಟಿ ಭಾರ ಹೊರುವವರು ಕೆಳಗಿನ ಗುಡ್ಡಗಳ ರಾಯಿ, ತಮಾಂಗ್, ಮಗರ್ ಹುಡುಗರು. ಅವರ ಮೈ ನಮ್ಮ ಮೈಯಂಥದ್ದೇ. 1997ರಲ್ಲಿ ಇಂಥ ಒಬ್ಬ ಹುಡುಗ ಕಾಯಿಲೆ ಬಿದ್ದಾಗ ಒಬ್ಬನನ್ನೇ ಕೆಳಗೆ ಕಳಿಸಿದರು, ಸತ್ತುಹೋದ. ಅದರಿಂದ ನೊಂದವರು ಹೊರೆಯಾಳುಗಳ ರಕ್ಷಣೆಗೆಂದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಒಬ್ಬನಿಗೆ ಮೂವತ್ತು ಕಿಲೋ ಮೀರಿ ಹೊರಿಸಬಾರದು, ಕಾಯಿಲೆಯಾದರೆ ಒಂಟಿಯಾಗಿ ಇಳಿಸಬಾರದು ಎಂಬುವು ಅವರ ನಿಯಮಗಳಲ್ಲಿ ಮುಖ್ಯವಾದವು. ಇದನ್ನೆಲ್ಲ ನಾವು ಓದಿದ್ದು ಹಿಂದಿರುಗಿದ ಮೇಲೆ.

ಲೊಬುಚೆಯಲ್ಲಿ, 4,900 ಮೀಟರ್ ದಾಟಿದ ಎತ್ತರದಲ್ಲಿ, ಏಳನೆಯ ದಿನ ಬೆಳಿಗ್ಗೆ, ಮೂವರಲ್ಲಿ ಕಿರಿಯವನು ಹೊರೆ ಎತ್ತಲಾರದೆ ಗೋಡೆಗೆ ಒರಗಿ ಕೂತ. ತುಟಿ ನೀಲಿ, ಒಣಕೆಮ್ಮು. ಹಿಂದಿನ ಎರಡು ದಿನದಿಂದ ಅವನು ಊಟ ಮಾಡಿರಲಿಲ್ಲವೆಂಬುದು ಆಗ ಗೊತ್ತಾಯಿತು. ಹೇಳಿದರೆ ಕೂಲಿ ತಪ್ಪುತ್ತದೆಂದು ಹೇಳಿರಲಿಲ್ಲ. ನಮ್ಮ ಮಾರ್ಗದರ್ಶಿ ಸರಳವಾಗಿ ಹೇಳಿದ: ಬೆಟ್ಟದ ಹುಡುಗ, ತಾನೇ ಇಳಿದುಹೋಗುತ್ತಾನೆ, ನೀವು ನಡೆಯಿರಿ. ಗೋರಕ್‌ಶೇಪ್ ತಲುಪಿ ಅದೇ ದಿನ ತಳಶಿಬಿರ ನೋಡಿ ಬರಬೇಕಿತ್ತು. ನಾವು ತಲೆಯಾಡಿಸಿದೆವು. ನಮ್ಮಲ್ಲಿ ಮೂವರು ಡಾಕ್ಟರೇಟುಗಳಿದ್ದೆವು. ಒಬ್ಬರಿಗೂ ಬೇರೆ ಮಾತು ಹೊಳೆಯಲಿಲ್ಲ.

ಮೇಷ್ಟ್ರು ಮಾತ್ರ ಬೂಟಿನ ದಾರ ಕಟ್ಟುತ್ತಿದ್ದವರು ತಲೆಯೆತ್ತಿದರು. ದಾರಿಯುದ್ದಕ್ಕೂ ಆ ಹುಡುಗನೊಡನೆ ಹಿಂದಿಯಲ್ಲಿ ಮಾತಾಡಿಕೊಂಡು ಬಂದವರು ಅವರೊಬ್ಬರೇ. ಅವನು ಖೋಟಾಂಗ್ ಜಿಲ್ಲೆಯವನು, ಅಲ್ಲಿ ಭತ್ತ ಬೆಳೆಯುತ್ತಾರೆ, ಇಷ್ಟು ಮೇಲೆ ಬಂದದ್ದು ಇದೇ ಮೊದಲು ಎಂಬುದು ಅವರಿಗೆ ಗೊತ್ತಿತ್ತು.

"ನೀವು ಹೋಗಿ ಬನ್ನಿ. ನನಗೂ ರಾತ್ರಿಯೆಲ್ಲ ತಲೆ ಸಿಡೀತಿತ್ತು. ನಾನು ಇವನ ಜೊತೆ ಇಳೀತೀನಿ" ಎಂದರು.

"ಮೇಷ್ಟ್ರೇ, ಇನ್ನು ಅರ್ಧ ದಿನದ ದಾರಿ. ಇಷ್ಟು ದೂರ ಬಂದು..."

"ಅದಕ್ಕೇನಂತೆ, ಅದು ಎಲ್ಲೂ ಹೋಗಲ್ಲ" ಎಂದು ಹುಡುಗನ ಚೀಲವನ್ನು ತಾವೇ ತಗಲಿಸಿಕೊಂಡರು. ರಾತ್ರಿ ಅವರಿಗೆ ನಿಜವಾಗಿ ತಲೆ ನೋಯುತ್ತಿತ್ತೋ ಇಲ್ಲವೋ, ನಾವು ಇಂದಿಗೂ ಕೇಳಿಲ್ಲ.

ನಾವು ತಳಶಿಬಿರಕ್ಕೆ ಹೋದೆವು. ಹೇಳಬೇಕೆಂದರೆ ಅಲ್ಲಿಂದ ಎವರೆಸ್ಟಿನ ತುದಿ ಕಾಣುವುದೇ ಇಲ್ಲ. ಅಕ್ಟೋಬರಿನಲ್ಲಿ ಏರುವವರ ಡೇರೆಗಳೂ ಇರುವುದಿಲ್ಲ. ಕಲ್ಲುಮಣ್ಣು ಮುಚ್ಚಿದ ಹಿಮನದಿ, ಹೆಸರು ಬರೆದ ಒಂದು ಬಂಡೆ, ಅದರ ಮುಂದೆ ಚಿತ್ರ ತೆಗೆಸಿಕೊಳ್ಳಲು ಸಾಲು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪುಮೋರಿಯ ಕಡೆಯಿಂದ ಬಂದ ಹಿಮರಾಶಿ ಇದೇ ಜಾಗದ ಡೇರೆಗಳ ಮೇಲೆರಗಿ ಹದಿನೈದಕ್ಕೂ ಹೆಚ್ಚು ಜನರನ್ನು ಕೊಂದಿತು. ನಾವೂ ಸಾಲಿನಲ್ಲಿ ನಿಂತು ಚಿತ್ರ ತೆಗೆಸಿಕೊಂಡೆವು. ಕೂಟದಲ್ಲಿ ನೀವು ನೋಡಿದ್ದು ಅದೇ.

ಮರುದಿನ ಸಂಜೆ ಫೆರಿಚೆ ಮುಟ್ಟಿದಾಗ ಔಷಧಾಲಯದ ಹಿಂದಿನ ಬಿಸಿಲುಕೋಣೆಯಲ್ಲಿ ಮೇಷ್ಟ್ರೂ ಹುಡುಗನೂ ಕೂತಿದ್ದರು. ಬಂದಾಗ ಅವನ ರಕ್ತದ ಆಮ್ಲಜನಕ ಶೇಕಡಾ 58ಕ್ಕೆ ಇಳಿದಿತ್ತಂತೆ, ಮೇಷ್ಟ್ರದು 86. ರಾತ್ರಿಯೆಲ್ಲ ಆಮ್ಲಜನಕ ಕೊಟ್ಟಿದ್ದರು. ದಾರಿಯಲ್ಲಿ ಎರಡು ಸಲ ಕುಸಿದು ಕೂತಿದ್ದನಂತೆ. ಒಬ್ಬನೇ ಹೊರಟಿದ್ದರೆ ಎಂದು ನಮ್ಮಲ್ಲೊಬ್ಬರು ಶುರುಮಾಡಿದ ಪ್ರಶ್ನೆಯನ್ನು ಅಲ್ಲಿಯ ವೈದ್ಯೆ ಪೂರ್ತಿ ಮಾಡಲು ಬಿಡಲಿಲ್ಲ. ಇನ್ನೂ ಕೆಳಗೆ ಇಳಿಸಿ ಎಂದಷ್ಟೇ ಹೇಳಿದರು.

ಊರಿಗೆ ಬಂದು ಖರ್ಚಿನ ಲೆಕ್ಕ ಹಾಕುವಾಗ ಕೋಟಿನ ಜೇಬಿನಲ್ಲಿ ಲುಕ್ಲಾಕ್ಕೆ ಹಾರುವ ಮೊದಲು ಮಂಥಲಿಯ ವಿಮಾನ ನಿಲ್ದಾಣದಲ್ಲಿ ಹೆಚ್ಚಿನ ಭಾರಕ್ಕೆ ಕಟ್ಟಿದ ರಸೀದಿ ಸಿಕ್ಕಿತು. ಆ ಹುಡುಗ ಹೊತ್ತಿದ್ದ ನಮ್ಮ ಎರಡು ಚೀಲಗಳ ತೂಕ ಅದರಲ್ಲಿ ಬರೆದಿತ್ತು: 38 ಕಿಲೋ. ಅವನ ಸ್ವಂತ ಚೀಲ ಬೇರೆ. ಆ ಮೂವತ್ತೆಂಟರಲ್ಲಿ ಆರು ಕಿಲೋ ನಮ್ಮ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಎರಡು ಬಾಟಲಿ ಉಪ್ಪಿನಕಾಯಿ.